ಶಾಸಕರ ತೋಟ ನಡೆಸಿದವರು: ಶಿರಸಿ ಸೀಮೆಯ ಒಂದು ಪ್ರಕರಣ ಅಧ್ಯಯನ

ಅಡಿಕೆ ತೋಟದಿಂದ ವಿಧಾನಸೌಧಕ್ಕೆ ಹೋದವರನ್ನು ಉತ್ತರ ಕನ್ನಡದ ಘಟ್ಟದ ಮೇಲಿನ ಜನ ‘ನಮ್ಮ ಕೃಷಿಕ ಶಾಸಕರು’ ಎಂದು ಹೆಮ್ಮೆಯಿಂದ ಕರೆಯುತ್ತಾರೆ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದಾಗ ಆಗುವ ಹೊಟ್ಟೆಸಂಕಟ ಅವರಿಗೂ ಗೊತ್ತು, ದರ ಬಿದ್ದಾಗ ಅವರ ಅಟ್ಟದಲ್ಲೂ ಚೀಲಗಳು ಉಳಿದಿರುತ್ತವೆ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವರು ಗೆದ್ದು ಹೋದ ಮೇಲೆ ಆ ತೋಟಕ್ಕೆ ಮದ್ದು ಹೊಡೆಸಿದವರು ಯಾರು, ಕೊನೆ, ಅಂದರೆ ಅಡಿಕೆಯ ಗೊಂಚಲು, ಇಳಿಸಿದವರು ಯಾರು, ಆಳುಗಳ ಲೆಕ್ಕ ತೀರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಆ ಪ್ರಶ್ನೆಗಾಗಿ.

ಒಂದು ವಿಷಯವನ್ನು ಮೊದಲೇ ಹೇಳಬೇಕು. ಇಲ್ಲಿ ಬರುವ ಶಾಸಕರಾಗಲಿ ಅವರ ಮನೆಯವರಾಗಲಿ ಬೆರಳು ಮಾಡಿ ತೋರಿಸಬಹುದಾದ ವ್ಯಕ್ತಿಗಳಲ್ಲ. ಜಿಲ್ಲೆಯಲ್ಲಿರುವುದು ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಎಂಬ ಆರೇ ವಿಧಾನಸಭಾ ಕ್ಷೇತ್ರಗಳು. ಏನು ಬರೆದರೂ ಓದುವವರು ಅದರಲ್ಲಿ ಒಂದು ಮುಖವನ್ನು ಹುಡುಕುತ್ತಾರೆ. ಹಾಗಾಗಬಾರದೆಂದು, ತೋಟ ಮತ್ತು ರಾಜಕೀಯ ಎರಡನ್ನೂ ಹೊತ್ತ ಮನೆಗಳಲ್ಲಿ ನಡೆಯಬಹುದಾದ ಸಂಗತಿಗಳನ್ನು ಒಂದೇ ಮನೆಗೆ ಕೂಡಿಸಿ ಪ್ರಕರಣವನ್ನು ಕಟ್ಟಿದ್ದೇನೆ. ಕಾಯಿದೆ, ನಿಯಮ, ರೋಗ, ಸರ್ಕಾರದ ಮೊತ್ತಗಳು, ವರ್ಷಗಳು ಮಾತ್ರ ಇದ್ದದ್ದು ಇದ್ದಂತೆ.

ಮನೆ ಮತ್ತು ತೋಟ

ಶಿರಸಿ-ಸಿದ್ದಾಪುರ ರಸ್ತೆಯಿಂದ ಒಳಗೆ ತಿರುಗಿ, ಹಳ್ಳ ದಾಟಿದರೆ ಸಿಗುವ ಏಳು ಮನೆಗಳ ಊರು. ಶಾಸಕರದು ಕೊನೆಯ ಮನೆ. ಕಣಿವೆಯಲ್ಲಿ ನಾಲ್ಕು ಎಕರೆ ಅಡಿಕೆ, ಮರಗಳಿಗೆ ಹಬ್ಬಿದ ಕಾಳುಮೆಣಸು, ನಡುನಡುವೆ ಬಾಳೆ, ನೆರಳಿರುವಲ್ಲಿ ಏಲಕ್ಕಿ. ಮೇಲ್ಗಡೆ ಸೊಪ್ಪಿನ ಬೆಟ್ಟ. ಬೆಟ್ಟದ ನೆಲ ಸರ್ಕಾರದ್ದು. ಅಲ್ಲಿಂದ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ತೋಟಕ್ಕೆ ಅಂಟಿಕೊಂಡು ಬಂದದ್ದು. ಒಳ್ಳೆಯ ವರ್ಷದಲ್ಲಿ ಮೂವತ್ತು ಕ್ವಿಂಟಾಲಿನ ಆಸುಪಾಸು ಒಣ ಅಡಿಕೆ ಆಗುತ್ತಿತ್ತು. ಅಣ್ಣತಮ್ಮಂದಿರ ಹಿಸ್ಸೆಯಾದ ಮೇಲೆ ಪಹಣಿ ಅವರೊಬ್ಬರ ಹೆಸರಿಗೆ ಬಂದಿತ್ತು.

ಅವರು ರಾಜಕೀಯಕ್ಕೆ ಬಂದ ದಾರಿ ನಮ್ಮ ಕಡೆ ತೀರಾ ಪರಿಚಿತವಾದದ್ದು. ಊರಿನ ಸೇವಾ ಸಹಕಾರಿ ಸಂಘದ ನಿರ್ದೇಶಕ, ಆಮೇಲೆ ಅಧ್ಯಕ್ಷ, ಅಲ್ಲಿಂದ ಜಿಲ್ಲಾ ಪಂಚಾಯತ್, ಅಲ್ಲಿಂದ ವಿಧಾನಸಭೆ. ಶಿರಸಿಯಲ್ಲಿ ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕಾದ ಕೆಡಿಸಿಸಿ 1920ರಲ್ಲಿ, ತೋಟಗಾರರ ಮಾರಾಟ ಸಂಘವಾದ ಟಿಎಸ್ಎಸ್ 1923ರಲ್ಲಿ ಹುಟ್ಟಿದವು. ನೂರು ವರ್ಷಗಳಿಂದ ಇಲ್ಲಿನವರು ಠರಾವು ಮಂಡಿಸುವುದನ್ನೂ ಜಮಾಖರ್ಚು ಪ್ರಶ್ನಿಸುವುದನ್ನೂ ಸಂಘದ ಮಹಾಸಭೆಯಲ್ಲೇ ಕಲಿತಿದ್ದಾರೆ. ನಮ್ಮ ರಾಜಕಾರಣಿಗಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂದು ನಾನು ನಂಬಿದ್ದೇನೆ. ಆ ಮಹಾಸಭೆಯಲ್ಲಿ ಕೂರುವವರು ಮಾತ್ರ ಪಹಣಿಯಲ್ಲಿ ಹೆಸರಿದ್ದವರು, ಅಂದರೆ ಬಹುಪಾಲು ಗಂಡಸರು. ಈ ಪ್ರಕರಣದ ಗಂಟು ಇರುವುದು ಅಲ್ಲೇ.

ಸದನ ಕರೆದಾಗಲೇ ತೋಟವೂ ಕರೆಯುತ್ತದೆ

ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ಕರ್ನಾಟಕದಲ್ಲಿ 2005ರ ಕಾಯಿದೆಯೊಂದು ಹೇಳುತ್ತದೆ. ಅರವತ್ತು ದಿನ ದೊಡ್ಡದಲ್ಲ ಅನ್ನಿಸಬಹುದು. ಆ ದಿನಗಳು ಎಲ್ಲಿ ಬೀಳುತ್ತವೆ ಎಂಬುದನ್ನು ನೋಡಬೇಕು. ಬಜೆಟ್ ಅಧಿವೇಶನ ಫೆಬ್ರವರಿ-ಮಾರ್ಚ್‌ನಲ್ಲಿ. ಆಗ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಒಂದು ಅಕಾಲದ ಮಳೆ ಬಂದರೆ ಮನೆಮಂದಿಯೆಲ್ಲ ಓಡಬೇಕು. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ. ಆಗ ಎರಡನೆಯ ಸುತ್ತಿನ ಮದ್ದು. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಡಿಸೆಂಬರ್‌ನಲ್ಲಿ. ಆಗ ಕೆಂಪಡಿಕೆಯ ಕೊನೆಕೊಯ್ಲು. ಇವುಗಳ ನಡುವೆ ಲೋಕಾಯುಕ್ತ ಕಾಯಿದೆಯಂತೆ ಆಸ್ತಿ-ಹೊಣೆಗಳ ವಾರ್ಷಿಕ ವಿವರ ಸಲ್ಲಿಸಲು ಜೂನ್ 30ರ ಗಡುವು. ತೋಟದವರಿಗೆ ಜೂನ್ ಎಂಥ ತಿಂಗಳೆಂದು ವಿವರಿಸಬೇಕಿಲ್ಲ.

ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಜಿಲ್ಲಾ ಮಟ್ಟದ ಸಭೆಗೆ ಘಟ್ಟ ಇಳಿದು ಕಾರವಾರಕ್ಕೆ ಹೋದರೂ ಒಂದು ಇಡೀ ದಿನ ಬೇಕು. ಮಳೆಗಾಲದಲ್ಲಿ ಯಾವ ಘಟ್ಟದ ರಸ್ತೆ ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತಾಗ ಬೆಂಗಳೂರಿನಲ್ಲಿ ಮುಂಗಾರು ಅಧಿವೇಶನ ನಡೆಯುತ್ತಿತ್ತು. ಸದನದಲ್ಲಿರಬೇಕೋ ಜಿಲ್ಲೆಯಲ್ಲಿರಬೇಕೋ ಎಂಬ ಇಕ್ಕಟ್ಟು ಇಲ್ಲಿನ ಪ್ರತಿನಿಧಿಗಳಿಗೆ ಪ್ರತಿ ಮಳೆಗಾಲವೂ ಬರುತ್ತದೆ. ತೋಟ ಮೂರನೆಯ ಸ್ಥಾನಕ್ಕೆ ಹೋಗುತ್ತದೆ, ಹೋಗಲೇಬೇಕು.

ನಮ್ಮ ಶಾಸಕರ ಮೊದಲ ಮಳೆಗಾಲದಲ್ಲಿ ಆದದ್ದು ಹೀಗೆ. ಕೊಳೆಯನ್ನು ತಡೆಯುವ ಮದ್ದಾದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅದಾಗಿ ನಲವತ್ತರಿಂದ ನಲವತ್ತೈದು ದಿನಕ್ಕೆ ಮತ್ತೊಮ್ಮೆ ಕೊನೆಗಳಿಗೆ ಹೊಡೆಯಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಕೂಡಿಸಿ, ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ, ಅಲಗಿನ ಮೇಲೆ ಕೆಂಪು ಬಂದರೆ ಇನ್ನಷ್ಟು ಸುಣ್ಣ ಹಾಕಬೇಕು. ಮೊದಲ ಸುತ್ತನ್ನು ಶಾಸಕರು ತಾವೇ ನಿಂತು ಮಾಡಿಸಿದ್ದರು. ಎರಡನೆಯ ಸುತ್ತಿನ ಹೊತ್ತಿಗೆ ಸದನ ಸೇರಿತು. ಮಳೆ ಎರಡು ದಿನ ಬಿಟ್ಟು ಹೊಳವಾದಾಗ ಪತ್ನಿ ಫೋನ್ ಮಾಡಿದರು. ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಎಂದು ಉತ್ತರ ಬಂತು. ಶನಿವಾರ ಅವರು ಬಂದದ್ದು ನಿಜ, ಆದರೆ ನೆರೆ ನೋಡಲು ಕ್ಷೇತ್ರದ ಇನ್ನೊಂದು ತುದಿಗೆ. ಮರ ಹತ್ತುವ ಕೊನೆಗೌಡ ಕಾದು ಕಾದು ಬೇರೆಯವರ ತೋಟಕ್ಕೆ ಹೋದ. ಮುಂದೆ ಎರಡು ವಾರ ಮಳೆ ಬಿಡಲಿಲ್ಲ. ಆಗಸ್ಟ್‌ನಲ್ಲಿ ಮರದ ಬುಡಗಳಲ್ಲಿ ಕೊಳೆತ ಕಾಯಿಗಳು. ಆ ವರ್ಷದ ಬೆಳೆಯಲ್ಲಿ ಮೂರನೆಯ ಒಂದು ಪಾಲು ಹೋಯಿತು.

ಪತ್ನಿಗೆ ಮದ್ದು ಮಾಡಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ತವರಿನಲ್ಲೂ ತೋಟವೇ, ಸುಣ್ಣದ ಹದ ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರಿಗೆ ಇಲ್ಲದಿದ್ದದ್ದು ‘ಇವತ್ತು ಮದ್ದು’ ಎಂದು ಹೇಳುವ ಅಧಿಕಾರ. ಮನೆಯ ಯಜಮಾನ ಹೇಳದೆ ಕೊನೆಗೌಡನನ್ನು ಕರೆಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಆ ಆಗಸ್ಟ್‌ನಲ್ಲಿ ಅವರು ಗಂಡನಿಗೆ ಹೇಳಿದ ಮಾತು ಇದು: “ಇನ್ನು ಮದ್ದಿನ ದಿನ ನಾನು ಗೊತ್ತು ಮಾಡುತ್ತೇನೆ. ಬೆಂಗಳೂರಿನಲ್ಲಿ ಕುಳಿತು ಇಲ್ಲಿಯ ಮೋಡ ನೋಡಲು ಆಗುವುದಿಲ್ಲ. ನೀವು ಸದನ ನೋಡಿ.” ಶಾಸಕರು ಒಪ್ಪಿದರು. ಅವರ ಸಾರ್ವಜನಿಕ ಬದುಕಿನ ಅತ್ಯುತ್ತಮ ನಿರ್ಧಾರಗಳಲ್ಲಿ ಅದೂ ಒಂದು. ಮುಂದಿನ ಒಂಬತ್ತು ವರ್ಷ ಆ ತೋಟದಲ್ಲಿ ಎರಡನೆಯ ಸುತ್ತಿನ ಮದ್ದು ತಪ್ಪಲಿಲ್ಲ.

ಅವರು ಮಾಡಿದ ದೊಡ್ಡ ಬದಲಾವಣೆ ಇನ್ನೊಂದು. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಣ್ಣಾಗುವ ಮೊದಲೇ ಕೊನೆ ಇಳಿಸಿ, ತಡಮಾಡದೆ ಸುಲಿದು, ಅಡಿಕೆ ಬೇಯಿಸಿದ ಕೆಂಪು ರಸವಾದ ಚೊಗರಿನಲ್ಲಿ ಹಂಡೆಯಲ್ಲಿ ಬೇಯಿಸಿ ಒಣಗಿಸಬೇಕು. ಕೊಯ್ದ ಕೊನೆ ಕಾಯುವುದಿಲ್ಲ. ರಾತ್ರಿಯೂ ಸುಲಿಯುವವರು ಬೇಕು. ಚಾಲಿಗೆ, ಅಂದರೆ ಬೇಯಿಸದೆ ಒಣಗಿಸುವ ಬಿಳಿ ಅಡಿಕೆಗೆ, ಹಣ್ಣಡಿಕೆಯನ್ನು ಇಳಿಸಿ ಅಂಗಳದಲ್ಲಿ ನಲವತ್ತು ದಿನಕ್ಕೂ ಹೆಚ್ಚು ಒಣಗಿಸಿದರಾಯಿತು, ಸುಲಿಯುವುದನ್ನು ಆಳು ಸಿಕ್ಕಾಗ ಮಾಡಬಹುದು. ಅವರು ಮೂರು ವರ್ಷಗಳಲ್ಲಿ ಇಡೀ ತೋಟವನ್ನು ಚಾಲಿಗೆ ತಂದರು. ಕೊಯ್ಲು ಡಿಸೆಂಬರ್‌ನಿಂದ ಜನವರಿಯಾಚೆಗೆ ಸರಿಯಿತು, ಬೆಳಗಾವಿ ಅಧಿವೇಶನದ ಜೊತೆಗಿನ ಜಗಳವೂ ಮುಗಿಯಿತು. ಕ್ವಿಂಟಾಲಿಗೆ ಬರುವ ದರ ಕೆಂಪಿಗಿಂತ ಕಡಿಮೆ ಎಂಬುದು ಅವರಿಗೆ ತಿಳಿದಿತ್ತು. ಆದರೆ ಯಜಮಾನನಿಲ್ಲದ ಮನೆಯಲ್ಲಿ, ಬೆಳಗ್ಗೆ ಏಳಕ್ಕೇ ಅರ್ಜಿ ಹಿಡಿದು ಬರುವವರಿಗೆ ಚಹಾ ಕೊಡುತ್ತ, ರಾತ್ರಿ ಹಂಡೆಯ ಮುಂದೆ ನಿಲ್ಲುವುದು ಒಬ್ಬರ ಮೈಗೆ ಆಗುವ ಕೆಲಸವಲ್ಲ.

ಅರ್ಜಿಯವರ ವಿಷಯ ಇನ್ನೂ ಇದೆ. ಮೊದಲು ಅಡಿಕೆ ಸುಲಿಯುವ ಕಾಲಕ್ಕೆ ನೆರೆಮನೆಯವರು ಮುಯ್ಯಾಳಾಗಿ ಬರುತ್ತಿದ್ದರು, ಇವರೂ ಹೋಗುತ್ತಿದ್ದರು. ಶಾಸಕರ ಮನೆಯಾದ ಮೇಲೆ ಅದು ನಿಂತಿತು. ಶಾಸಕರ ಹೆಂಡತಿಯನ್ನು ಸುಲಿಯಲು ಕರೆಯುವುದು ಹೇಗೆ ಎಂಬ ಸಂಕೋಚ ಅವರಿಗೆ. ಕರೆಯದವರಿಂದ ಆಳು ಪಡೆಯುವುದು ಹೇಗೆ ಎಂಬ ಸಂಕೋಚ ಇವರಿಗೆ. ಸಂಬಳದ ಆಳುಗಳ ಬಳಿ ಕೂಲಿಯ ಮಾತು ಆಡುವುದೂ ಕಷ್ಟವಾಯಿತು. ಬೇರೆಯವರ ಮನೆಯಲ್ಲಿ ಕೂಲಿ ಚೌಕಾಸಿ ಮಾಡಿದರೆ ಅದು ಚೌಕಾಸಿ, ಶಾಸಕರ ಮನೆಯಲ್ಲಿ ಮಾಡಿದರೆ ಅದು ಊರ ಸುದ್ದಿ. ಅವರು ಊರಿನ ದರಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಈ ಖರ್ಚನ್ನು ಯಾವ ಭತ್ಯೆಯೂ ತುಂಬಿಕೊಡುವುದಿಲ್ಲ.

ಸಹಿ

ನಿರ್ಧಾರ ಪತ್ನಿಯ ಕೈಗೆ ಬಂತು, ಕಾಗದ ಬರಲಿಲ್ಲ. ಸರ್ಕಾರದ ಕಣ್ಣಿಗೆ ಪಹಣಿಯಲ್ಲಿ ಹೆಸರಿದ್ದವರೇ ರೈತರು. ರೈತರ ನೋಂದಣಿಗಾಗಿ ಸರ್ಕಾರ ಇಟ್ಟಿರುವ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಅವರ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಬೆಳೆ ಸಾಲ, ಬೆಳೆ ವಿಮೆ, ಪರಿಹಾರ, ಸಂಘದ ಸದಸ್ಯತ್ವ ಎಲ್ಲವೂ ಆ ಸಂಖ್ಯೆಯ, ಆ ಹೆಸರಿನ ಹಿಂದೆ ಸಾಲುಗಟ್ಟಿ ನಿಂತಿರುತ್ತವೆ. ಸಹಕಾರ ಸಂಘಗಳ ಮೂಲಕ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿ 3 ಲಕ್ಷ ರೂಪಾಯಿ ಇತ್ತು, 2023ರ ಬಜೆಟ್‌ನಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಿದರು. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಶೂನ್ಯ. ಒಂದು ವರ್ಷ ಬಜೆಟ್ ಅಧಿವೇಶನದ ಗಡಿಬಿಡಿಯಲ್ಲಿ ಶಾಸಕರ ಸಹಿ ಸಕಾಲಕ್ಕೆ ಬರದೆ ಗಡುವು ದಾಟಿತು. ಹಣ ಮನೆಯಲ್ಲಿತ್ತು, ಕಟ್ಟುವವರೂ ಮನೆಯಲ್ಲೇ ಇದ್ದರು, ಬಡ್ಡಿ ಮಾತ್ರ ಬಿತ್ತು.

ರೈತ ಮಹಿಳೆಯರು ದಿನವೂ ಅನುಭವಿಸುವ ತೊಡಕು ಇದು. ಗಂಡ ಮುಂಬೈಯಲ್ಲಿದ್ದರೂ ಅಷ್ಟೇ, ವಿಧಾನಸೌಧದಲ್ಲಿದ್ದರೂ ಅಷ್ಟೇ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ ಭೂ ನ್ಯಾಯಮಂಡಳಿಗಳ ಮೂಲಕ ಗೇಣಿದಾರರಿಗೆ ಸಿಕ್ಕಾಗ ಈ ಜಿಲ್ಲೆಯ ಎಷ್ಟೋ ಮನೆಗಳ ಬಾಳು ಬದಲಾಯಿತು. ಅದು ದೊಡ್ಡ ನ್ಯಾಯ. ಆದರೆ ಆಗಲೂ ಹಕ್ಕುಪತ್ರ ಬಹುಪಾಲು ಮನೆಯ ಗಂಡಸಿನ ಹೆಸರಿಗೇ ಬಂತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರ 2005ರಲ್ಲಿ ತಂದಿತು. ಮದುವೆಯಾಗಿ ಬಂದು ಮೂವತ್ತು ವರ್ಷ ಗಂಡನ ಮನೆಯ ತೋಟ ನಡೆಸಿದವರ ಹೆಸರು, ಗಂಡ ಬದುಕಿರುವಾಗ ಪಹಣಿಗೆ ತಾನಾಗಿ ಬರುವುದಿಲ್ಲ.

ಎರಡನೆಯ ಚುನಾವಣೆಯ ನಾಮಪತ್ರದ ಹೊತ್ತಿಗೆ ಇದು ಕಣ್ಣಿಗೆ ಹೊಡೆಯುವ ಹಾಗೆ ಎದುರಾಯಿತು. ಅಭ್ಯರ್ಥಿಗಳು ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ತಮ್ಮ ಮತ್ತು ಬಾಳಸಂಗಾತಿಯ ಉದ್ಯೋಗ, ಆದಾಯದ ಮೂಲ, ಕೃಷಿ ಭೂಮಿಯ ಸರ್ವೆ ನಂಬರು, ವಿಸ್ತೀರ್ಣ, ಅಂದಾಜು ಬೆಲೆ ಎಲ್ಲವನ್ನೂ ತುಂಬಬೇಕು. ವಕೀಲರು ಹಳೆಯ ಪ್ರತಿಯನ್ನೇ ನಕಲು ಮಾಡಿ ತಂದಿದ್ದರು. ಅಭ್ಯರ್ಥಿಯ ಉದ್ಯೋಗ ಕೃಷಿ, ಪತ್ನಿಯದು ಗೃಹಿಣಿ. ಪತ್ನಿ ಓದಿ, “ಇದು ಪ್ರಮಾಣ ಮಾಡಿ ಹೇಳುವ ಮಾತಲ್ಲವೇ?” ಎಂದು ಕೇಳಿದರು. ಶಾಸಕರು ಆ ಸಾಲನ್ನು ತಿದ್ದಿಸಿದರು. ಸಾಲು ತಿದ್ದಿದರೆ ಸಾಲದು, ಅದಕ್ಕೆ ಆಧಾರವೂ ಇರಬೇಕೆಂದು ಗೆದ್ದ ಮೇಲೆ ಎರಡು ಎಕರೆಯನ್ನು ದಾನಪತ್ರದ ಮೂಲಕ ಪತ್ನಿಯ ಹೆಸರಿಗೆ ಮಾಡಿಸಿದರು. ಆಸ್ತಿ ಮುಚ್ಚಿಡಲು ಹೆಂಡತಿಯ ಹೆಸರಿಗೆ ಬರೆದರು ಎಂದು ವಿರೋಧಿಗಳು ಆಡಿಕೊಂಡರು. ಅದರಲ್ಲಿ ಹುರುಳಿಲ್ಲ. ಸಂಗಾತಿಯ ಆಸ್ತಿಯೂ ಅದೇ ಪ್ರಮಾಣಪತ್ರದಲ್ಲಿ, ಪಕ್ಕದ ಅಂಕಣದಲ್ಲೇ ಇರುತ್ತದೆ.

ಇಲ್ಲಿ ಒಂದು ನಿಯಮವನ್ನು ಹೇಳಲೇಬೇಕು, ಹಲವರಿಗೆ ಇದು ಗೊತ್ತಿಲ್ಲ. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ-ಕಿಸಾನ್ ಯೋಜನೆ 2019ರಲ್ಲಿ ಬಂದಾಗ ಹಾಲಿ ಶಾಸಕರನ್ನಷ್ಟೇ ಅಲ್ಲದೆ ಮಾಜಿಗಳನ್ನೂ ಅದರಿಂದ ಹೊರಗಿಟ್ಟರು. ಹೊರಗಿಡುವುದು ಇಡೀ ಕುಟುಂಬವನ್ನು. ಪತ್ನಿಯ ಹೆಸರಿನಲ್ಲಿ ಬೇರೆ ಜಮೀನಿದ್ದರೂ ಸಿಗುವುದಿಲ್ಲ. ಈ ನಿಯಮ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಹೊರಗಿಡುವಾಗ ಗಂಡ-ಹೆಂಡತಿ ಒಂದೇ ಎನ್ನುವ ಸರ್ಕಾರ, ಸಾಲಕ್ಕೆ ಸಹಿ ಹಾಕಿಸುವಾಗ, ಸಂಘದಲ್ಲಿ ಮತ ಕೊಡುವಾಗ ಇಬ್ಬರನ್ನೂ ಒಂದೇ ಎನ್ನುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಕಾಲುಸಂಕದ ಪ್ರಶ್ನೆ

ಊರಿಗೆ ಹೋಗುವ ದಾರಿಯಲ್ಲಿ ಹಳ್ಳವಿದೆಯೆಂದು ಹೇಳಿದೆ. ಮಳೆಗಾಲದಲ್ಲಿ ಅದನ್ನು ದಾಟಲು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಸಂಕ. ಶಾಲೆಯ ಮಕ್ಕಳು, ಹಾಲಿನ ಕ್ಯಾನ್ ಹೊತ್ತವರು, ಬಸುರಿಯರು ಎಲ್ಲರೂ ಅದರ ಮೇಲೇ. ಏಳು ಮನೆಯವರು ಸೇರಿ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಒಂದು ಕಾಂಕ್ರೀಟ್ ಕಾಲುಸಂಕ ಮಾಡಿಸಿಕೊಡಿ ಎಂದು ಕೇಳಿದರು. ವರ್ಷಕ್ಕೆ 2 ಕೋಟಿ ರೂಪಾಯಿಯ ನಿಧಿ ಅದು. ಒಂದು ಕಾಲುಸಂಕ ಅದರಲ್ಲಿ ಸಣ್ಣ ಖರ್ಚು. ಶಾಸಕರು ಆಗುವುದಿಲ್ಲ ಎಂದರು. ದಾರಿಯ ಕೊನೆಯ ಮನೆ ತಮ್ಮದು, ತಮ್ಮ ತೋಟದ ಅಡಿಕೆಯೂ ಅದರ ಮೇಲೇ ಬರುತ್ತದೆ, ನಾಳೆ ಜನ ಏನೆಂದಾರು ಎಂಬುದು ಅವರ ಕಾರಣ. ಐದು ವರ್ಷ ಅದೇ ಮಾತು.

ಇದನ್ನು ಪ್ರಾಮಾಣಿಕತೆ ಎಂದು ಹೊಗಳಿದವರು ಬಹಳ ಜನ. ನಾನು ಒಪ್ಪುವುದಿಲ್ಲ. ಉಳಿದ ಆರು ಮನೆಯವರು ಶಾಸಕರ ನೆರೆಯವರಾಗಿದ್ದಕ್ಕೆ ಶಿಕ್ಷೆ ಅನುಭವಿಸಿದರು. ಸ್ವಹಿತ ಯಾವುದು ಎಂಬುದಕ್ಕೆ ಸಂಸದೀಯ ನಡಾವಳಿಯಲ್ಲಿ ಒಂದು ಒಳ್ಳೆಯ ಅಳತೆಯಿದೆ. ಸದಸ್ಯನ ಮತವನ್ನು ಹಿತಾಸಕ್ತಿಯ ಕಾರಣದಿಂದ ಪ್ರಶ್ನಿಸುವ ಲೋಕಸಭೆಯ ನಿಯಮ 371, ಆ ಹಿತಾಸಕ್ತಿ ನೇರವಾದದ್ದೂ ಆ ಸದಸ್ಯನಿಗೆ ಪ್ರತ್ಯೇಕವಾಗಿ ಸೇರಿದ್ದೂ ಆಗಿರಬೇಕೆಂದು ಹೇಳುತ್ತದೆ. ಸಾರ್ವಜನಿಕರ ಜೊತೆ ಅಥವಾ ಒಂದು ವರ್ಗದ ಜೊತೆ ಹಂಚಿಕೊಂಡ ಹಿತ ಅದರಲ್ಲಿ ಬರುವುದಿಲ್ಲ. ಅಡಿಕೆ ಬೆಳೆಯುವ ಶಾಸಕ ಅಡಿಕೆಯ ಬಗ್ಗೆ ಮಾತನಾಡಬಹುದು, ಮೀನುಗಾರರ ಮನೆಯಿಂದ ಬಂದವರು ಬಂದರಿನ ಬಗ್ಗೆ ಮಾತನಾಡಬಹುದು. ಕಾಲುಸಂಕವೂ ಹಾಗೆಯೇ. ತೋಟದ ಒಳಗೆ ಟ್ರ್ಯಾಕ್ಟರ್ ದಾರಿಯನ್ನು ಸರ್ಕಾರದ ಹಣದಿಂದ ಮಾಡಿಸಿದ್ದರೆ ಅದು ಬೇರೆ ಮಾತು.

ಗಂಟು ಬಿಡಿಸಿದವರು ಶಾಸಕರಲ್ಲ. ಗ್ರಾಮಸಭೆಯಲ್ಲಿ ಪತ್ನಿ ಎದ್ದು ನಿಂತು, ಪಂಚಾಯತ್ ವ್ಯಾಪ್ತಿಯ ಎಲ್ಲ ಸಂಕಗಳ ಪಟ್ಟಿ ಮಾಡಿ, ಎಷ್ಟು ಮಕ್ಕಳು ದಾಟುತ್ತಾರೆ ಎಂಬುದರ ಮೇಲೆ ಸರದಿ ಹಾಕಿ ಎಂದರು. ಪಟ್ಟಿಯಲ್ಲಿ ಅವರ ಹಳ್ಳ ನಾಲ್ಕನೆಯದಾಯಿತು. ಮೊದಲ ಮೂರು ಮುಗಿದ ಮೇಲೆ, ಸರದಿಯಂತೆ, ಅದೂ ಆಯಿತು. ಶಾಸಕರು ಉದ್ಘಾಟನೆಗೆ ಹೋಗಲಿಲ್ಲ. ಆ ಮಟ್ಟಿಗೆ ಅವರ ಸಂಕೋಚ ಉಚಿತವೇ ಆಗಿತ್ತು.

ಅಡಿಕೆಯ ಬಗ್ಗೆ ಸದನದಲ್ಲಿ

ಕೃಷಿಕ ಶಾಸಕರಿಂದ ಜನ ಬಯಸುವುದು ದರ. ಅಲ್ಲಿ ರಾಜ್ಯದ ಶಾಸಕನ ಕೈ ಬಹಳ ಚಿಕ್ಕದು. ವಿದೇಶಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ. 2017ರಲ್ಲಿ ಕಿಲೋಗೆ 251 ರೂಪಾಯಿ, 2023ರ ಫೆಬ್ರವರಿಯಲ್ಲಿ 351 ರೂಪಾಯಿ ಆದದ್ದು ದೆಹಲಿಯ ಆದೇಶದಿಂದ. ಮೊದಲ ಅವಧಿಯಲ್ಲಿ ನಮ್ಮ ಶಾಸಕರು ಪ್ರತಿ ಅಧಿವೇಶನದಲ್ಲೂ ದರದ ಬಗ್ಗೆ ಮಾತನಾಡಿದರು. ಪತ್ರಿಕೆಗಳಲ್ಲಿ ಬಂತು. ಬೇರೇನೂ ಆಗಲಿಲ್ಲ.

ಎರಡನೆಯ ಅವಧಿಯಲ್ಲಿ ಅವರು ಬೇರೊಂದು ದಾರಿ ಹಿಡಿದದ್ದಕ್ಕೆ ಕಾರಣ ಪತ್ನಿಯ ನೋಟ್‌ಬುಕ್. ಮದ್ದಿನ ದಿನ, ಆಳಿನ ಲೆಕ್ಕ, ಎಲೆಚುಕ್ಕೆ ರೋಗ ಮೊದಲು ಕಂಡ ಮರಗಳ ಸಾಲು, ಅಂಗಳದ ಮಳೆಮಾಪಕದಲ್ಲಿ ಅಳೆದ ಮಳೆ, ಎಲ್ಲವನ್ನೂ ಅವರು ಬರೆದಿಡುತ್ತಿದ್ದರು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಆದ ಹಾನಿಯನ್ನು ನೋಡಿ ಅಲ್ಲ, ಗ್ರಾಮ ಪಂಚಾಯತ್ ಮಟ್ಟದ ಮಳೆಮಾಪನ ಯಂತ್ರ ದಾಖಲಿಸಿದ ಮಳೆಯನ್ನು ನೋಡಿ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇಕಡಾ 5, ಅಂದರೆ 6,400 ರೂಪಾಯಿ, ರೈತರ ಕಂತು. ಉಳಿದ ಕಂತು ಕೇಂದ್ರ ಮತ್ತು ರಾಜ್ಯದ್ದು. ಯಂತ್ರ ಕೆಟ್ಟು ಕೂತರೆ ಇಡೀ ಪಂಚಾಯತಿನ ರೈತರ ಹಕ್ಕು ಕೆಟ್ಟು ಕೂತಂತೆ. ಒಂದು ಮಳೆಗಾಲ ಪಂಚಾಯತಿನ ಯಂತ್ರದ ಅಂಕಿಗೂ ಈ ನೋಟ್‌ಬುಕ್‌ನ ಅಂಕಿಗೂ ಅಜಗಜಾಂತರ ಬಂತು. “ದರದ ಬಗ್ಗೆ ದೆಹಲಿಯವರು ನೋಡಿಕೊಳ್ಳಲಿ, ಇದು ನಿಮ್ಮ ಸರ್ಕಾರದ ಯಂತ್ರ, ಇದನ್ನು ಕೇಳಿ” ಎಂದು ಪತ್ನಿ ಹೇಳಿದರು.

ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾದ ಪ್ರಶ್ನೆ, ಹಾಕಿದರು. ಕ್ಷೇತ್ರದ ಯಾವ ಯಾವ ಪಂಚಾಯತಿಯಲ್ಲಿ ಯಂತ್ರ ಎಷ್ಟು ದಿನ ಕೆಲಸ ಮಾಡಲಿಲ್ಲ, ಆ ದಿನಗಳಿಗೆ ಯಾವ ಯಂತ್ರದ ಅಂಕಿಯನ್ನು ಹಿಡಿದರು ಎಂಬ ಎರಡೇ ಅಂಶ. ಭಾಷಣಕ್ಕೆ ನುಣುಚಿಕೊಳ್ಳುವ ಉತ್ತರ ಕೊಡಬಹುದು. ಇಂಥ ಪ್ರಶ್ನೆಗೆ ಪಟ್ಟಿಯನ್ನೇ ಕೊಡಬೇಕಾಗುತ್ತದೆ. ಪಟ್ಟಿ ಬಂತು. ಅದನ್ನು ಹಿಡಿದು ಸಂಘದವರು, ಬ್ಯಾಂಕಿನವರು, ತೋಟಗಾರಿಕೆ ಇಲಾಖೆಯವರು ಕುಳಿತು ಮಾತನಾಡುವಂತಾಯಿತು. ಕೆಲವು ಯಂತ್ರಗಳನ್ನು ಬದಲಿಸಿದರು. ಹತ್ತು ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳಲ್ಲಿ ರೈತರಿಗೆ ನಿಜವಾಗಿ ಮುಟ್ಟಿದ್ದು ಇದು ಎಂದು ನಾನು ಹೇಳುತ್ತೇನೆ. ಇದಕ್ಕೆ ಬೇಕಾದ ಮಾಹಿತಿ ಬಂದದ್ದು, ದಿನವೂ ಬೆಳಗ್ಗೆ ಅಂಗಳಕ್ಕಿಳಿದು ಮಳೆ ಅಳೆಯುತ್ತಿದ್ದವರಿಂದ.

ಹಣದ ಮಾತು

ಶಾಸಕರ ಮೂಲ ವೇತನ 2022ರಲ್ಲಿ ತಿಂಗಳಿಗೆ 25,000ದಿಂದ 40,000 ರೂಪಾಯಿಗೆ ಏರಿತು. 2025ರ ಮಾರ್ಚ್‌ನಲ್ಲಿ ಸದನ ಅದನ್ನು 80,000ಕ್ಕೆ ಏರಿಸುವ ಮಸೂದೆ ಅಂಗೀಕರಿಸಿತು. ಭತ್ಯೆಗಳು ಬೇರೆ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 40 ಲಕ್ಷ ರೂಪಾಯಿ. ನಾಲ್ಕು ಎಕರೆ ತೋಟದ ಮನೆಗೆ ಈ ಅಂಕಿ ಹೆದರಿಕೆ ಹುಟ್ಟಿಸುವಂಥದ್ದು. ಮೊದಲ ಚುನಾವಣೆಯಲ್ಲಿ ಶಾಸಕರು ಸಂಘದಲ್ಲಿಟ್ಟ ಅಡಿಕೆಯ ಮೇಲೆ ಮುಂಗಡ ಎತ್ತಿದ್ದರು. ತೀರಿಸಲು ಎರಡು ಬೆಳೆ ಬೇಕಾಯಿತು. ಎರಡನೆಯ ಬಾರಿ ಪತ್ನಿ ಒಂದು ಷರತ್ತು ಹಾಕಿದರು: ತೋಟದ ಖಾತೆಯಿಂದ ಚುನಾವಣೆಗೆ ಒಂದು ರೂಪಾಯಿಯೂ ಹೋಗಬಾರದು, ಚುನಾವಣೆಯ ಹಣದಿಂದ ತೋಟಕ್ಕೆ ಒಂದು ರೂಪಾಯಿಯೂ ಬರಬಾರದು. ಚುನಾವಣಾ ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕೆಂಬುದು ಆಯೋಗದ ನಿಯಮವೇ. ಮನೆಯೊಳಗೂ ಅದನ್ನು ಪಾಲಿಸುವಂತೆ ಮಾಡಿದವರು ಪತ್ನಿ.

ಷರತ್ತಿನ ಎರಡನೆಯ ಅರ್ಧಕ್ಕೆ ತೂಕ ಹೆಚ್ಚು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಆದ್ದರಿಂದಲೇ ಎಲ್ಲಿಂದಲೋ ಬಂದ ಹಣವನ್ನು ತೋಟದ ಆದಾಯವೆಂದು ತೋರಿಸುವ ಆಸೆ ರಾಜಕೀಯದವರಿಗೆ ಸುಲಭವಾಗಿ ಹುಟ್ಟುತ್ತದೆ. ಈ ಮನೆಯ ಅಡಿಕೆಯೆಲ್ಲ ಸಂಘದ ಅಂಗಳದಲ್ಲಿ, ಎಲ್ಲರೆದುರಿನ ಟೆಂಡರಿನಲ್ಲಿ ಮಾರಾಟವಾಗುತ್ತಿತ್ತು. ಪ್ರತಿ ಚೀಲಕ್ಕೂ ಮಾರಾಟದ ಪಟ್ಟಿ ಇತ್ತು. ಎದುರಾಳಿಗಳು ಅಫಿಡವಿಟ್ ಹಿಡಿದು ತೋಟದ ಆದಾಯವನ್ನು ಪ್ರಶ್ನಿಸಿದಾಗ ಶಾಸಕರು ಆ ಪಟ್ಟಿಗಳನ್ನು ತೆಗೆದು ತೋರಿಸಿದರು, ಮಾತು ಅಲ್ಲಿಗೆ ನಿಂತಿತು. ತೋಟ ರಾಜಕಾರಣಿಗೆ ಸ್ವಾತಂತ್ರ್ಯ ಕೊಡುತ್ತದೆ ಎನ್ನುವುದು ನಿಜ, ಆದರೆ ಹೀಗೆ ಲೆಕ್ಕ ಇಟ್ಟವರು ಮನೆಯಲ್ಲಿದ್ದರೆ ಮಾತ್ರ.

ಸೋತ ಮೇಲೆ

ಮೂರನೆಯ ಚುನಾವಣೆಯಲ್ಲಿ ಅವರು ಸೋತರು. ಕಾರಣಗಳು ಈ ಪ್ರಕರಣಕ್ಕೆ ಸಂಬಂಧಿಸಿದವಲ್ಲ. ಮನೆಗೆ ಬಂದವರು ತೋಟಕ್ಕಿಳಿದು, ಹತ್ತು ವರ್ಷ ಬಿಟ್ಟ ಕೆಲಸವನ್ನು ಮತ್ತೆ ಹಿಡಿಯಲು ಹೊರಟರು. ಅವರು ಮೊದಲು ಹೇಳಿದ್ದು, ಮತ್ತೆ ಕೆಂಪಡಿಕೆ ಮಾಡೋಣ ಎಂದು. ದರ ಹೆಚ್ಚು, ತಾನಿದ್ದೇನೆ, ಡಿಸೆಂಬರ್ ಖಾಲಿ. ಪತ್ನಿ ಒಪ್ಪಲಿಲ್ಲ. ಸುಲಿಯುವವರು ಹತ್ತು ವರ್ಷದ ಹಿಂದಿನಷ್ಟು ಇಲ್ಲ, ಇದ್ದವರಿಗೂ ರಾತ್ರಿ ಕೆಲಸ ಬೇಡ, ಎಲೆಚುಕ್ಕೆ ಬಂದ ಮರಗಳಲ್ಲಿ ಇಳುವರಿ ಇಳಿದಿದೆ, ಈಗ ಹಂಡೆ ಹೂಡುವುದು ಬೇಡ ಎಂಬುದು ಅವರ ವಾದ. ಹತ್ತು ವರ್ಷದ ಲೆಕ್ಕ ಅವರ ಬಳಿ ಇತ್ತು. ಮಾಜಿ ಶಾಸಕರ ಬಳಿ ಇದ್ದದ್ದು ಇಂದಿನ ಪೇಟೆ ಧಾರಣೆ.

ಇದೇ ಹೊತ್ತಿಗೆ ಪಕ್ಷದ ನಾಲ್ವರು ಮನೆಗೆ ಬಂದರು. 2023ರ 106ನೆಯ ಸಂವಿಧಾನ ತಿದ್ದುಪಡಿ ವಿಧಾನಸಭೆಗಳಲ್ಲೂ ಮೂರನೆಯ ಒಂದು ಪಾಲು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ಜನಗಣತಿ, ಅದರ ಮೇಲಿನ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅದು ಜಾರಿಗೆ ಬರಬೇಕು. “ಅಮ್ಮಾ, ಕ್ಷೇತ್ರ ಮಹಿಳೆಗೆ ಬಂದರೆ ನೀವು ನಿಲ್ಲಬೇಕು, ಸಾಹೇಬರು ಜೊತೆಗಿರುತ್ತಾರೆ” ಎಂದರು. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತನ್ನ ಹೆಸರಿಗೆ ಪಹಣಿ ಬಂದು ವರ್ಷಗಳಾದರೂ ಸಂಘದಲ್ಲಿ ಮತದ ಹಕ್ಕಿರುವ ಸದಸ್ಯತ್ವ ಇನ್ನೂ ಸಿಕ್ಕಿಲ್ಲ, ಅರ್ಜಿ ಆಡಳಿತ ಮಂಡಳಿಯ ಮುಂದಿದೆ, ಮೊದಲು ಅದನ್ನು ಮಾಡಿಸಿ ಎಂದರು. ಬಂದವರಲ್ಲಿ ಇಬ್ಬರು ಅದೇ ಮಂಡಳಿಯ ನಿರ್ದೇಶಕರು. ಮುಂದಿನ ಸಭೆಯಲ್ಲಿ ಸದಸ್ಯತ್ವ ಮಂಜೂರಾಯಿತು.

ಕೆಂಪಡಿಕೆಯ ವಿಷಯ ಹೀಗೆ ಇತ್ಯರ್ಥವಾಯಿತು: ಪತ್ನಿಯ ಎರಡು ಎಕರೆ ಚಾಲಿ, ಗಂಡನ ಎರಡು ಎಕರೆ ಕೆಂಪು. ಆಳು, ಮದ್ದು, ಗೊಬ್ಬರ ಪ್ರತಿಯೊಂದಕ್ಕೂ ಪ್ರತ್ಯೇಕ ಲೆಕ್ಕ. ಇಬ್ಬರಿಗೂ ಒಂದೊಂದು ನೋಟ್‌ಬುಕ್. ಸುಲಿಯುವವರನ್ನು ಮಾಜಿ ಶಾಸಕರೇ ಹುಡುಕಿ ತರಬೇಕು. ಈ ಡಿಸೆಂಬರ್‌ನಲ್ಲಿ ಅವರು ಹಂಡೆ ಹೂಡಿದ್ದಾರೆ. ಎರಡೂ ಲೆಕ್ಕಗಳನ್ನು ಎದುರುಬದುರು ಇಟ್ಟು ನೋಡುವುದು, ಚಾಲಿ ಸುಲಿದು ಮಾರಿದ ಮೇಲೆ, ಮೇ ತಿಂಗಳಲ್ಲಿ.